ಕೇಳಿ, ಹೇಳುತ್ತೇವೆ: ಕಕ್ಕಡದ ಮಳೆಗೆ ಮೊದಲೇ ಕಡತ ಓಡಲಿ

ಮಳೆಗಾಲದಲ್ಲಿ ರಸ್ತೆ ಕಡಿದಾಗ ಚಿಕಿತ್ಸೆ ಹೇಗೆ, ಅದಕ್ಕೆ ಸರ್ಕಾರದ ಯಾವ ಹಣ, ಯಾವ ಕಾಯ್ದೆ ಎಂದು ಕೊಡಗಿನ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಚಿಕ್ಕದು ಮಾಡಿದ್ದೇವೆ.

ಪ್ರತಿ ವರ್ಷ ಕಕ್ಕಡದಲ್ಲಿ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ನಮ್ಮೂರು ಎರಡು ಮೂರು ದಿನ ದ್ವೀಪವಾಗುತ್ತದೆ. ಸ್ಟ್ರೆಚರ್, ಜನರೇಟರ್, ವಯರ್‌ಲೆಸ್ ಕೊಡಿಸಿ ಎಂದು ಕೇಳಿದರೆ ‘ವಿಪತ್ತು ನಿಧಿ ಇರುವುದು ಪರಿಹಾರಕ್ಕೆ, ಸಾಮಾನು ಕೊಳ್ಳುವುದಕ್ಕಲ್ಲ’ ಎನ್ನುತ್ತಾರೆ. ಇದು ನಿಜವೇ?
— ಗ್ರಾಮ ಪಂಚಾಯಿತಿ ಸದಸ್ಯೆ, ಮಡಿಕೇರಿ ತಾಲ್ಲೂಕು

ಅರ್ಧ ನಿಜ. ಆ ಅರ್ಧ ಹಳೆಯ ಕಾಲದ್ದು.

2005ರ ವಿಪತ್ತು ನಿರ್ವಹಣಾ ಕಾಯ್ದೆಯ 48ನೇ ಕಲಂ ರಾಜ್ಯ ಮತ್ತು ಜಿಲ್ಲೆ ಎರಡೂ ಮಟ್ಟದಲ್ಲಿ ಎರಡೆರಡು ನಿಧಿ ಇರಬೇಕೆನ್ನುತ್ತದೆ: ವಿಪತ್ತು ಬಂದಾಗ ಬಳಸಲು ಒಂದು, ಬಾರದಂತೆ ತಡೆಯಲು ಒಂದು. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಈ ಹಣವನ್ನು ಹೀಗೆ ಪಾಲು ಮಾಡಿತು. ನೂರು ರೂಪಾಯಿಯಲ್ಲಿ 20 ಉಪಶಮನಕ್ಕೆ, ಅಂದರೆ ತಡೆಯುವ ಕೆಲಸಕ್ಕೆ. ಉಳಿದ 80ರಲ್ಲಿ 40 ತಕ್ಷಣದ ಸ್ಪಂದನೆ ಮತ್ತು ಪರಿಹಾರಕ್ಕೆ, 30 ಪುನರ್ನಿರ್ಮಾಣಕ್ಕೆ, 10 ಪೂರ್ವಸಿದ್ಧತೆ ಮತ್ತು ಸಾಮರ್ಥ್ಯ ವೃದ್ಧಿಗೆ. ನೀವು ಕೇಳಬೇಕಿರುವುದು ಆ ಹತ್ತರಲ್ಲಿ. ಕರ್ನಾಟಕದ ಮಟ್ಟಿಗೆ ಈ ನಿಧಿಯಲ್ಲಿ ಕೇಂದ್ರದ್ದು 75 ಪಾಲು, ರಾಜ್ಯದ್ದು 25.

ಕಚೇರಿಯಲ್ಲಿ ‘ಇಲ್ಲ’ ಎನ್ನುವುದಕ್ಕೂ ಕಾರಣ ಇದೆ. ಮನವಿಗಳು ಬರುವುದು ಆಗಸ್ಟ್‌ನಲ್ಲಿ, ನೀರು ಮೆಟ್ಟಿಲಿಗೆ ಬಂದ ಮೇಲೆ. ಆಗ ತಹಶೀಲ್ದಾರರ ಕೈಯಲ್ಲಿರುವುದು ಪರಿಹಾರದ ಬಾಬ್ತು ಮಾತ್ರ. ಕಾಳಜಿ ಕೇಂದ್ರದ ಊಟ, ಔಷಧ, ದೋಣಿ ಬಾಡಿಗೆ ಅದರಲ್ಲಿ ಬರುತ್ತವೆ. ಜನರೇಟರ್ ಬರುವುದಿಲ್ಲ. ಪೂರ್ವಸಿದ್ಧತೆಯ ಹಣಕ್ಕೆ ದಾರಿಯೇ ಬೇರೆ: ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ಅಗತ್ಯ ದಾಖಲಾಗಬೇಕು, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರ ಪ್ರಸ್ತಾವ ಕಳಿಸಬೇಕು, ಮುಖ್ಯ ಕಾರ್ಯದರ್ಶಿ ನೇತೃತ್ವದ ರಾಜ್ಯ ಕಾರ್ಯಕಾರಿ ಸಮಿತಿಯ ಮಟ್ಟದಲ್ಲಿ ಒಪ್ಪಿಗೆ ಸಿಗಬೇಕು. ಇದು ವಾರದಲ್ಲಿ ಮುಗಿಯುವ ಕೆಲಸವಲ್ಲ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಮುಗಿದ ಮೇಲೆ, ಕಾಫಿ ಕೊಯ್ಲಿನ ನಡುವೆಯೇ ಕಡತ ಹೊರಟರೆ ಕಕ್ಕಡದ ಹೊತ್ತಿಗೆ ಸಾಮಾನು ಬರುವ ಆಸೆ ಇಟ್ಟುಕೊಳ್ಳಬಹುದು.

ಪಂಚಾಯಿತಿಗೆ ಇದರಲ್ಲಿ ಹಕ್ಕಿನ ಸ್ಥಾನವಿದೆ, ಹಲವರಿಗೆ ಅದು ಗೊತ್ತಿಲ್ಲ. ಜಿಲ್ಲಾ ಯೋಜನೆಯನ್ನು ಸ್ಥಳೀಯ ಪ್ರಾಧಿಕಾರಗಳ ಜೊತೆ ಸಮಾಲೋಚಿಸಿ ಮಾಡಬೇಕು, ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂದು 31ನೇ ಕಲಂ ಹೇಳುತ್ತದೆ. ಸ್ಥಳೀಯ ಪ್ರಾಧಿಕಾರ ಎಂದರೆ ಪಂಚಾಯಿತಿಯೂ ಸೇರಿತು. ಆದ್ದರಿಂದ ಬಿಡಿ ಮನವಿ ಬರೆಯಬೇಡಿ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಆ ನಿರ್ಣಯದ ಪ್ರತಿಯೊಂದಿಗೆ ‘31ನೇ ಕಲಮಿನಡಿ ಜಿಲ್ಲಾ ಯೋಜನೆಯ ವಾರ್ಷಿಕ ಪರಿಷ್ಕರಣೆಗೆ ನಮ್ಮ ಪಂಚಾಯಿತಿಯ ಮಾಹಿತಿ’ ಎಂದು ತಲೆಬರಹ ಕೊಟ್ಟು ಕಳಿಸಿ, ಸ್ವೀಕೃತಿ ಪಡೆಯಿರಿ.

ಒಳಗೆ ಏನಿರಬೇಕು? ‘ನಮಗೆ ತುಂಬಾ ಕಷ್ಟವಾಗಿದೆ’ ಎಂಬುದರಿಂದ ಯಾವ ಲೆಕ್ಕಾಧಿಕಾರಿಗೂ ಟಿಪ್ಪಣಿ ಬರೆಯಲಾಗುವುದಿಲ್ಲ. ಕಳೆದ ಮೂರು ವರ್ಷ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ಸೇತುವೆ ಮುಳುಗಿತ್ತು, ಎಷ್ಟು ಮನೆ ಆಚೆ ಉಳಿದವು ಎಂದು ಬರೆಯಿರಿ. ಆಶಾ ಕಾರ್ಯಕರ್ತೆಯ ಪುಸ್ತಕದಿಂದ ಜೂನ್–ಸೆಪ್ಟೆಂಬರ್ ನಡುವೆ ಹೆರಿಗೆ ದಿನ ಬರುವ ಗರ್ಭಿಣಿಯರ ಸಂಖ್ಯೆ, ಡಯಾಲಿಸಿಸ್‌ಗೆ ಹೋಗುವವರು, ಇನ್ಸುಲಿನ್ ಹಾಕಿಕೊಳ್ಳುವವರು, ಮನೆಯಲ್ಲಿ ಆಕ್ಸಿಜನ್ ಮೇಲಿರುವವರು ಎಷ್ಟು ಎಂದು ಸೇರಿಸಿ. ಸಂಖ್ಯೆ ಸಾಕು, ಹೆಸರು ಬೇಡ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕಾದವರನ್ನೂ ದಿನ ತುಂಬಿದ ಬಸುರಿಯರನ್ನೂ ನೀರು ಏರುವ ಮೊದಲೇ ಪೇಟೆಗೆ ಸಾಗಿಸಿ ಇರಿಸುವುದು, ನೀರಿನ ಮಧ್ಯೆ ದೋಣಿ ಕಳಿಸುವುದಕ್ಕಿಂತ ಅಗ್ಗ, ಸುರಕ್ಷಿತ. ಇದನ್ನೂ ಯೋಜನೆಯಲ್ಲೇ ಬರೆಸಿ.

ಕೊನೆಗೆ ಸಾಮಾನಿನ ಪಟ್ಟಿ. ಅದರಲ್ಲಿ ಒಂದು ಜಾಣತನ ಬೇಕು. ಸ್ಟ್ರೆಚರ್, ವಯರ್‌ಲೆಸ್, ಜನರೇಟರ್, ಹಗ್ಗ, ಲೈಫ್ ಜಾಕೆಟ್ ರಕ್ಷಣಾ ಸಲಕರಣೆಯ ಬಾಬ್ತಿಗೆ ಸಲೀಸಾಗಿ ಕೂರುತ್ತವೆ. ಔಷಧವನ್ನು ಅದೇ ಪಟ್ಟಿಗೆ ಸೇರಿಸಿದರೆ ‘ಆರೋಗ್ಯ ಇಲಾಖೆಯನ್ನು ಕೇಳಿ’ ಎಂಬ ಷರಾದೊಂದಿಗೆ ಇಡೀ ಕಡತ ವಾಪಸ್ ಬರುತ್ತದೆ. ಆದ್ದರಿಂದ ಎರಡು ಪಟ್ಟಿ, ಎರಡು ಪತ್ರ.

ಇನ್ನೊಂದು ಎಚ್ಚರ. ಎಸ್‌ಡಿಆರ್‌ಎಫ್ ಎಂದರೆ ರಾಜ್ಯ ವಿಪತ್ತು ಸ್ಪಂದನಾ ನಿಧಿಯೂ ಹೌದು, ಬೋಟು ಹಿಡಿದು ಬರುವ ಪಡೆಯೂ ಹೌದು. ರಾಷ್ಟ್ರಮಟ್ಟದ ಎನ್‌ಡಿಆರ್‌ಎಫ್ ಕೂಡ ಹಾಗೆಯೇ. ಪತ್ರದಲ್ಲಿ ಕನ್ನಡದಲ್ಲೇ ‘ವಿಪತ್ತು ನಿಧಿ’ ಎಂದು ಬರೆಯಿರಿ. ಇಲ್ಲವಾದರೆ ನಿಮ್ಮ ಕಾಗದ ತಪ್ಪು ಮೇಜಿನ ಮೇಲೆ ಮಳೆಗಾಲ ಕಳೆದೀತು.

ರೆಡ್ ಅಲರ್ಟ್ ಬಂದ ದಿನ ಟೆಂಡರ್ ಇಲ್ಲದೆ ಖರೀದಿ ಮಾಡಬಹುದೇ? ಆಮೇಲೆ ಆಡಿಟ್‌ನಲ್ಲಿ ಸಿಕ್ಕಿಬೀಳುವ ಭಯ.
— ಪಂಚಾಯಿತಿ ಸಿಬ್ಬಂದಿ, ಪೊನ್ನಂಪೇಟೆ ತಾಲ್ಲೂಕು

ಮಾಡಬಹುದು. ಆದರೆ ನಿರ್ಧಾರ ನಿಮ್ಮದಲ್ಲ. ಕಾಯ್ದೆಯ 50ನೇ ಕಲಮಿನ ಪ್ರಕಾರ, ವಿಪತ್ತು ಬಂದಾಗ ಮಾತ್ರವಲ್ಲ, ಬರುವ ಭೀತಿ ಇದ್ದಾಗಲೂ ಜಿಲ್ಲಾ ಪ್ರಾಧಿಕಾರಕ್ಕೆ ತುರ್ತು ಖರೀದಿಗೆ ಅನುಮತಿ ಕೊಡುವ ಅಧಿಕಾರವಿದೆ. ಅನುಮತಿ ಕೊಟ್ಟರೆ ಟೆಂಡರ್ ಕ್ರಮ ಮನ್ನಾ ಆದಂತೆ. ಅಧಿಕೃತ ಅಧಿಕಾರಿ ಕೊಟ್ಟ ಬಳಕೆ ಪ್ರಮಾಣಪತ್ರವೇ ಲೆಕ್ಕಕ್ಕೆ ಓಚರ್. 1999ರ ಕರ್ನಾಟಕ ಪಾರದರ್ಶಕತೆ ಕಾಯ್ದೆಯ 4(ಎ) ಕಲಮಿನಲ್ಲೂ ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪ ಮತ್ತು ತುರ್ತಿನ ಅವಧಿಗೆ ವಿನಾಯಿತಿ ಇದೆ.

ಜನ ಸಿಕ್ಕಿಬೀಳುವುದು ಎರಡು ಕಡೆ. ಒಂದು, ಖರೀದಿ ಮೊದಲು, ಅನುಮತಿ ಪತ್ರ ಆಮೇಲೆ. ದಿನಾಂಕ ಹಿಂದುಮುಂದಾದರೆ 50ನೇ ಕಲಂ ಕಾಪಾಡುವುದಿಲ್ಲ. ಎರಡು, ಮಳೆ ನಿಂತು ತಿಂಗಳಾದ ಮೇಲೂ ಅದೇ ಅನುಮತಿಯಲ್ಲಿ ಕುರ್ಚಿ, ಕಂಪ್ಯೂಟರ್ ಕೊಳ್ಳುವುದು. ಇದಕ್ಕೆ ಆಕ್ಷೇಪಣೆ ಬರುವುದು ನ್ಯಾಯವೇ.

ಪ್ರವಾಹದ ವೇಳೆ ನನ್ನ ಜೀಪನ್ನು ರೋಗಿಗಳ ಸಾಗಾಟಕ್ಕೆ ಅಧಿಕಾರಿಗಳು ತೆಗೆದುಕೊಂಡರು. ಬಾಡಿಗೆ ಕೇಳಿದರೆ ‘ಸೇವೆ ಅಂದುಕೊಳ್ಳಿ’ ಎಂದರು.
— ಜೀಪ್ ಮಾಲೀಕ, ನಾಪೋಕ್ಲು ಕಡೆ

ಸೇವೆ ಅಂದುಕೊಳ್ಳುವುದು ನಿಮ್ಮಿಷ್ಟ, ಕಾಯ್ದೆ ಹಾಗೆ ಹೇಳುವುದಿಲ್ಲ. ವಾಹನವನ್ನು ವಶಕ್ಕೆ ಪಡೆಯುವ ಅಧಿಕಾರ 65ನೇ ಕಲಮಿನಲ್ಲಿದೆ, ಅದಕ್ಕೆ ಪರಿಹಾರ ಕೊಡಬೇಕೆಂಬ ಕಟ್ಟಳೆ 66ರಲ್ಲಿದೆ. ದರ ಊರಿನಲ್ಲಿ ನಡೆಯುತ್ತಿರುವ ಬಾಡಿಗೆಯಂತೆ. ನಿಗದಿಯಾದ ಮೊತ್ತ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅರ್ಜಿ ಕೊಟ್ಟು ಮಧ್ಯಸ್ಥಗಾರರಿಗೆ ಒಪ್ಪಿಸುವಂತೆ ಕೇಳಬಹುದು.

ಮುಂದಿನ ಸಲಕ್ಕೆ: ಲಿಖಿತ ಆದೇಶ ಕೇಳಿ. ಆ ಗಡಿಬಿಡಿಯಲ್ಲಿ ಸಿಗದಿದ್ದರೆ ಕೇಳಿದ ಅಧಿಕಾರಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲಾದರೂ ಹಾಕಿಸಿಕೊಳ್ಳಿ. ಹೊರಡುವಾಗ, ಮರಳಿದಾಗ ಕಿಲೋಮೀಟರ್ ಮೀಟರಿನ ಫೋಟೊ ತೆಗೆಯಿರಿ. ಡೀಸೆಲ್ ಬಿಲ್ ಇಟ್ಟುಕೊಳ್ಳಿ. ಪ್ರತಿ ಟ್ರಿಪ್‌ಗೆ ಎಲ್ಲಿಂದ ಎಲ್ಲಿಗೆ, ಎಷ್ಟು ಜನ ಎಂದು ಬರೆದು ಕಾಳಜಿ ಕೇಂದ್ರದಲ್ಲಿರುವ ಯಾರಾದರೂ ನೌಕರರ ಸಹಿ ಹಾಕಿಸಿ. ಬಾಡಿಗೆ ನಿಲ್ಲುವುದು ಹಣವಿಲ್ಲದೆ ಅಲ್ಲ, ಈ ಚೀಟಿ ಇಲ್ಲದೆ.

ದಾನವಾಗಿಯೂ ಅನುದಾನದಲ್ಲೂ ಬಂದ ಆಕ್ಸಿಜನ್ ಯಂತ್ರಗಳು ನಮ್ಮ ಸಮೀಪದ ಒಂದು ಆಸ್ಪತ್ರೆಯಲ್ಲಿ ಮೂಲೆ ಸೇರಿವೆ. ಮತ್ತೆ ಹೊಸದಕ್ಕೆ ಶಾಸಕರ ನಿಧಿ ಕೇಳೋಣ ಎನ್ನುತ್ತಾರೆ.
— ಆರೋಗ್ಯ ರಕ್ಷಾ ಸಮಿತಿಯ ಸದಸ್ಯರೊಬ್ಬರು

ಬೇಡ. ಮೊದಲು ಇದ್ದದ್ದು ಏಕೆ ಮೂಲೆ ಸೇರಿತು ನೋಡಿ.

ನಮ್ಮ ಅನುದಾನಗಳ ಹಳೆಯ ಕಾಯಿಲೆ ಇದು: ಯಂತ್ರಕ್ಕೆ ದುಡ್ಡಿದೆ, ಅದನ್ನು ಓಡಿಸುವ ಡೀಸೆಲ್‌ಗೆ ಇಲ್ಲ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಆಂಬುಲೆನ್ಸ್ ಕೊಡಿಸಬಹುದು, ಆದರೆ ಚಾಲಕನ ಸಂಬಳ, ಇಂಧನ, ರಿಪೇರಿಯಂಥ ಮರುಕಳಿಸುವ ಖರ್ಚಿಗೆ ಅದರಲ್ಲಿ ಅವಕಾಶವಿಲ್ಲ. 2021ರ ಅಕ್ಟೋಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಆಯುಷ್ಮಾನ್ ಭಾರತ್ ಆರೋಗ್ಯ ಮೂಲಸೌಕರ್ಯ ಯೋಜನೆಯೂ (ಮೊತ್ತ 64,180 ಕೋಟಿ) ಮುಖ್ಯವಾಗಿ ಕಟ್ಟಡ, ಸಲಕರಣೆಗೇ. ಅದರಲ್ಲಿ ತೀವ್ರ ನಿಗಾ ಚಿಕಿತ್ಸಾ ಕಟ್ಟಡಗಳನ್ನು 5 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಜಿಲ್ಲೆಗಳಿಗೆ ಎಂದು ಇಟ್ಟರು. 2011ರ ಗಣತಿಯಲ್ಲಿ ಕೊಡಗಿನದು 5,54,519. ಅಂಚಿನಲ್ಲಿ ಪಾಸು.

ಯಂತ್ರದ ವಿಷಯಕ್ಕೆ ಬರೋಣ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಘಟಕವಿರಲಿ, ಮಂಚದ ಪಕ್ಕದ ಕಾನ್ಸಂಟ್ರೇಟರ್ ಇರಲಿ, ಒಳಗೆ ಕೆಲಸ ಮಾಡುವುದು ಜಿಯೋಲೈಟ್ ಎಂಬ ಹರಳು. ಅದು ಸಾರಜನಕವನ್ನು ಹಿಡಿದುಕೊಂಡು ಆಮ್ಲಜನಕವನ್ನು ಬಿಡುತ್ತದೆ. ಆದರೆ ಅದಕ್ಕೆ ಸಾರಜನಕಕ್ಕಿಂತ ತೇವ ಇಷ್ಟ. ಕೊಡಗಿನ ಮಳೆಗಾಲದಲ್ಲಿ ಗೋಡೆಯೇ ಬೆವರುವಾಗ ತಿಂಗಳುಗಟ್ಟಲೆ ಓಡಿಸದೆ ಇಟ್ಟ ಯಂತ್ರದ ಹರಳು ನೀರು ಕುಡಿದು ಕೂರುತ್ತದೆ. ಆಮೇಲೆ ಗುಂಡಿ ಒತ್ತಿದರೆ ಸದ್ದೇನೋ ಬರುತ್ತದೆ, ಗಾಳಿಯೂ ಬರುತ್ತದೆ, ಆಕ್ಸಿಜನ್ ಪ್ರಮಾಣ ಮಾತ್ರ ಇಳಿದಿರುತ್ತದೆ. ಘಟಕದಿಂದ ಬರುವ ಆಕ್ಸಿಜನ್‌ನ ಶುದ್ಧತೆ 93 ಶೇಕಡಾ, ಮೂರು ಹೆಚ್ಚುಕಡಿಮೆ ಇರಬೇಕು. ಅಳೆಯದೆ ರೋಗಿಗೆ ಹಾಕುವುದು ಅಪಾಯ. ವಾರಕ್ಕೊಮ್ಮೆ ಓಡಿಸಿ, ಶುದ್ಧತೆ ಅಳೆದು ಪುಸ್ತಕದಲ್ಲಿ ಬರೆಯುವುದು, ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕುವುದು: ಇಷ್ಟೇ ಕೆಲಸ. ಡೀಸೆಲ್, ಫಿಲ್ಟರ್, ಸಣ್ಣ ರಿಪೇರಿಗೆ ನಿಮ್ಮ ಸಮಿತಿಯ ಮುಕ್ತ ನಿಧಿ (ಇಂಥದ್ದಕ್ಕೇ ಎಂದು ಕಟ್ಟಿಹಾಕದ ಹಣ) ಇದೆ. ಸಭೆ ಕರೆದು ಮೇ ತಿಂಗಳೊಳಗೆ ಠರಾವು ಮಾಡಿ. ಹೊಸ ಯಂತ್ರ ಬರುವುದಾದರೆ ಐದು ವರ್ಷದ ಸಮಗ್ರ ನಿರ್ವಹಣಾ ಒಪ್ಪಂದವನ್ನು ಖರೀದಿ ಬೆಲೆಯೊಳಗೇ ಸೇರಿಸಿ ಕೊಟೇಶನ್ ಕರೆಯುವಂತೆ ಪಟ್ಟು ಹಿಡಿಯಿರಿ. ಬೇರೆ ಬಾಬ್ತಿನಲ್ಲಿ ಅದು ಎಂದೂ ಬರುವುದಿಲ್ಲ.

ಕರೆಂಟು ಹೋದರೆ ಕಾನ್ಸಂಟ್ರೇಟರ್ ಬರೀ ಪೆಟ್ಟಿಗೆ. ಹಾಗಾಗಿ ಸಿಲಿಂಡರ್ ಲೆಕ್ಕ ಬಾಯಿಪಾಠ ಇರಲಿ. ಆಂಬುಲೆನ್ಸ್‌ನಲ್ಲಿರುವ ಬಿ ಟೈಪ್ ಸಿಲಿಂಡರ್ ತುಂಬಿದಾಗ ಸುಮಾರು 1,500 ಲೀಟರ್, ಗೇಜ್ 150ರ ಹತ್ತಿರ. ನಿಮಿಷಕ್ಕೆ 10 ಲೀಟರ್ ಹರಿಸಿದರೆ 150 ನಿಮಿಷ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಮಳೆಯಲ್ಲಿ ಮೂರು ಗಂಟೆ ಹಿಡಿದರೆ 1,800 ಲೀಟರ್ ಬೇಕು. ಅಂದರೆ ಒಂದು ಸಿಲಿಂಡರ್ ನಂಬಿ ಹೊರಟರೆ ಊರು ಸೇರುವ ಅರ್ಧ ಗಂಟೆ ಮೊದಲೇ ಖಾಲಿ. ಗೇಜ್ 75 ತೋರಿಸುತ್ತಿದ್ದರೆ 75 ನಿಮಿಷ ಮಾತ್ರ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಸಂಪಾಜೆ ಘಾಟಿ ಬಂದ್ ಆದಂತೆ ಆದರೆ ಮಂಗಳೂರು ದಾರಿಯೇ ಇಲ್ಲ, ಮೈಸೂರೇ ಗತಿ. ಆಗಿನ ಲೆಕ್ಕವನ್ನೇ ಇಟ್ಟು ಎರಡು ಸಿಲಿಂಡರ್ ಎಂದು ಬೇಡಿಕೆ ಬರೆಯಿರಿ. ಆಸ್ಪತ್ರೆಯ ದೊಡ್ಡ ಡಿ ಟೈಪ್‌ನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ಅದೇ ಹರಿವಿಗೆ ಹನ್ನೊಂದೂವರೆ ಗಂಟೆ ಬರುತ್ತದೆ.

ತೋಟದ ಲೈನ್ ಮನೆಗಳಲ್ಲಿ ಹಾವು ಕಡಿತ ಹೆಚ್ಚು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧ ಇಡಲೇಬೇಕೆಂಬ ಕಾನೂನಿದೆಯೇ? ಎಷ್ಟಿರಬೇಕು?
— ಆಶಾ ಕಾರ್ಯಕರ್ತೆ, ವಿರಾಜಪೇಟೆ ತಾಲ್ಲೂಕು

2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಅಧಿಸೂಚಿತ ಪ್ರಕರಣವನ್ನಾಗಿ ಮಾಡಿತು. ಪ್ರಕರಣ, ಸಾವು ಎರಡನ್ನೂ ವರದಿ ಮಾಡುವುದು ಖಾಸಗಿಯವರಿಗೂ ಕಡ್ಡಾಯ. ವರದಿಯಿಂದ ನಮಗೇನು ಎನ್ನಬೇಡಿ. ಕಳೆದ ವರ್ಷ ಬರೆದ ಪ್ರಕರಣದ ಮೇಲೆಯೇ ಈ ವರ್ಷದ ಔಷಧದ ಬೇಡಿಕೆ ನಿಲ್ಲುತ್ತದೆ. ನೇರವಾಗಿ ದೊಡ್ಡಾಸ್ಪತ್ರೆಗೆ ಹೋದವರ ಲೆಕ್ಕ ನಿಮ್ಮ ಕೇಂದ್ರದ ಪುಸ್ತಕಕ್ಕೆ ಬರದಿದ್ದರೆ ಕಾಗದದಲ್ಲಿ ನಿಮ್ಮೂರಲ್ಲಿ ಹಾವೇ ಇಲ್ಲ.

ಮೊದಲ ಸುತ್ತಿಗೆ ಸಾಮಾನ್ಯವಾಗಿ 10 ವಯಲ್ (ಸಣ್ಣ ಬಾಟಲಿ) ಪ್ರತಿವಿಷ ಬೇಕು. ಮಕ್ಕಳಿಗೂ ಅಷ್ಟೇ, ಏಕೆಂದರೆ ಹಾವು ವಿಷವನ್ನು ವಯಸ್ಸು ನೋಡಿ ಇಳಿಸುವುದಿಲ್ಲ. ಹಾಗಾಗಿ 10ಕ್ಕಿಂತ ಕಡಿಮೆ ದಾಸ್ತಾನು ಎಂದರೆ ಒಬ್ಬ ರೋಗಿಗೂ ಸಾಲದ ದಾಸ್ತಾನು. ದ್ರವರೂಪದ್ದಾದರೆ 2ರಿಂದ 8 ಡಿಗ್ರಿ ತಂಪು ಬೇಕು. ದಿನಗಟ್ಟಲೆ ಕರೆಂಟಿಲ್ಲದ ಕಡೆಗೆ ಪುಡಿರೂಪದ್ದನ್ನೇ ಕೇಳಿ. ಪುಡಿಯನ್ನು ನೀರಲ್ಲಿ ಕರಗಿಸುವಾಗ ಕುಲುಕಿದರೆ ನೊರೆ ಬರುತ್ತದೆ, ಮೆಲ್ಲಗೆ ತಿರುಗಿಸಬೇಕು. ಪಕ್ಕದಲ್ಲಿ ಅಡ್ರಿನಾಲಿನ್ ಎಳೆದಿಟ್ಟ ಸಿರಿಂಜ್ ಇಲ್ಲದೆ ಶುರು ಮಾಡಬಾರದು. ಔಷಧವೇ ಒಗ್ಗದೆ ರಕ್ತದೊತ್ತಡ ಕುಸಿಯಬಹುದು.

ಒಂದು ಮಿತಿಯನ್ನೂ ಹೇಳಬೇಕು. ನಮ್ಮ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಕಾಫಿ, ಏಲಕ್ಕಿ ತೋಟಗಳಲ್ಲಿ ಕಾಣುವ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ಅಲ್ಲಿ ಬೇಕಾದದ್ದು ನಿಗಾ, ಅಗತ್ಯ ಬಿದ್ದರೆ ಡಯಾಲಿಸಿಸ್ ಇರುವ ಆಸ್ಪತ್ರೆ. ಅದಕ್ಕೇ ಆಂಬುಲೆನ್ಸ್ ದಾರಿಯೂ ಔಷಧದಷ್ಟೇ ಮುಖ್ಯ.

ಇನ್ನು ಯಾರೂ ಬೇಡಿಕೆಪಟ್ಟಿಯಲ್ಲಿ ಬರೆಯದ ಒಂದು ವಸ್ತು: ಗಾಜಿನ ನಳಿಗೆ. ಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ತಿಳಿಯಲು 2 ಎಂ.ಎಲ್. ರಕ್ತವನ್ನು ಹೊಸ, ಒಣಗಿದ ಗಾಜಿನ ನಳಿಗೆಯಲ್ಲಿ ಹಾಕಿ 20 ನಿಮಿಷ ಮುಟ್ಟದೆ ನಿಲ್ಲಿಸಿ, ಒಮ್ಮೆ ಓರೆ ಮಾಡಿ ನೋಡಬೇಕು. ಹರಿದರೆ ವಿಷ ಏರಿದೆ ಎಂದು. ಪ್ಲಾಸ್ಟಿಕ್ ನಳಿಗೆಯಲ್ಲಿ, ಸೋಪು ಹಾಕಿ ತೊಳೆದ ಗಾಜಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಹರಿಯುತ್ತದೆ. ಸುಮ್ಮನೆ ಹತ್ತು ವಯಲ್ ಹೋಗುತ್ತದೆ. ನಳಿಗೆಯ ಬೆಲೆ ಕೆಲವೇ ರೂಪಾಯಿ. ಇದಕ್ಕೆ ಆರೋಗ್ಯ ರಕ್ಷಾ ಸಮಿತಿಯ ಹಣ ಸಾಕು. ಟಾರ್ಚ್, ಬಟ್ಟೆ ಸ್ಟ್ರೆಚರ್‌ನಂಥವಕ್ಕೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ವಾರ್ಷಿಕ 10,000 ರೂಪಾಯಿ ಮುಕ್ತ ನಿಧಿಯನ್ನು ಕೇಳಿ. ಆ ಸಮಿತಿಯಲ್ಲಿ ನೀವೂ ಇದ್ದೀರಿ.

ಘಾಟಿಯಲ್ಲಿ ಅಪಘಾತವಾದವರನ್ನು ಖಾಸಗಿ ಆಸ್ಪತ್ರೆಗೆ ಒಯ್ದರೆ ಮುಂಗಡ ಕೇಳುತ್ತಾರೆ. ಏನು ಮಾಡುವುದು?
— ಓದುಗ, ಕುಶಾಲನಗರ

ಕೇಳುವಂತಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (2007, ತಿದ್ದುಪಡಿ 2017) ಪ್ರಕಾರ ಜೀವ ಉಳಿಸುವ ಪ್ರಥಮ ಚಿಕಿತ್ಸೆ ಕೊಡಲೇಬೇಕು. ರಸ್ತೆ ಅಪಘಾತವಾದರೆ 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಿದೆ: ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ, ಅಪಘಾತದ ದಿನದಿಂದ ಗರಿಷ್ಠ 7 ದಿನ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ. ಪೊಲೀಸ್ ದೃಢೀಕರಣ ಬೇಕಾಗುವುದರಿಂದ 112ಕ್ಕೆ ಕರೆ ಮಾಡುವುದನ್ನು ಮರೆಯಬೇಡಿ. ಒಯ್ದವರಿಗೆ ಕಿರುಕುಳ ಆಗದಂತೆ 2016ರ ಕರ್ನಾಟಕದ ಜೀವರಕ್ಷಕರ ಕಾಯ್ದೆ ಇದೆ, ಮೋಟಾರು ವಾಹನ ಕಾಯ್ದೆಯ 134ಎ ಕಲಂ ಇದೆ. ಮೋಟಾರು ವಾಹನದಿಂದಾದ ಗಾಯಕ್ಕಷ್ಟೇ ಈ ಯೋಜನೆ. ಮರ ಬಿದ್ದು, ಆನೆ ತುಳಿದು ಆದದ್ದಕ್ಕೆ ಅಲ್ಲ.

ಬರೆ (ಗುಡ್ಡದ ಮಣ್ಣು) ಕುಸಿದು ಗಾಯಗೊಂಡವರಿಗೆ ಆಸ್ಪತ್ರೆ ಖರ್ಚು ಸಿಗುತ್ತದೆಯೇ?
— ಓದುಗರು, ಸೋಮವಾರಪೇಟೆ ತಾಲ್ಲೂಕು

2022–26ರ ವಿಪತ್ತು ನಿಧಿ ಮಾನದಂಡದಲ್ಲಿ, ತೀವ್ರ ಗಾಯದಿಂದ ವಾರಕ್ಕಿಂತ ಹೆಚ್ಚು ದಿನ ಒಳರೋಗಿಯಾಗಿದ್ದರೆ 16,000, ವಾರದೊಳಗಾದರೆ 5,400 ರೂಪಾಯಿ. ಅಂಗವೈಕಲ್ಯ 40ರಿಂದ 60 ಶೇಕಡಾ ಇದ್ದರೆ 74,000, ಅದಕ್ಕೂ ಮೇಲಾದರೆ 2.5 ಲಕ್ಷ. ಇವು ನೆರವಿನ ಮೊತ್ತ, ಬಿಲ್ಲಿನ ಮರುಪಾವತಿಯಲ್ಲ. ಬಿಡುಗಡೆ ಪತ್ರದಲ್ಲಿ ದಾಖಲಾದ ದಿನ, ಬಿಡುಗಡೆಯಾದ ದಿನ ಮತ್ತು ಗಾಯದ ಕಾರಣ ‘ಭೂಕುಸಿತ’ ಎಂದೇ ಬರೆದಿರಲಿ. ‘ಬಿದ್ದು ಪೆಟ್ಟು’ ಎಂದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಜಿಲ್ಲಾ ಯೋಜನೆಯಲ್ಲಿ ನಮ್ಮೂರಿನ ಹೆಸರು ಇದೆಯೋ ಇಲ್ಲವೋ ತಿಳಿಯುವುದು ಹೇಗೆ?
— ಓದುಗ, ಕುಟ್ಟ

ಮೊದಲು ಜಿಲ್ಲಾಡಳಿತದ ಜಾಲತಾಣ ನೋಡಿ. ಇಲ್ಲವಾದರೆ ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಜನ ಸೋಲುವುದು ಇಲ್ಲಿಯೇ: ಸೇತುವೆ, ಆಂಬುಲೆನ್ಸ್, ಪರಿಹಾರ ಎಲ್ಲ ಒಂದೇ ಹಾಳೆಯಲ್ಲಿ ಕೇಳಿ ತಿರಸ್ಕೃತರಾಗುತ್ತಾರೆ. ಜೀವದ ಪ್ರಶ್ನೆ ಎಂದು ಬರೆದು 48 ಗಂಟೆಯ ಉತ್ತರ ಕೇಳುವುದು ಇಂಥ ಯೋಜನಾ ಮಾಹಿತಿಗೆ ಒಪ್ಪುವುದಿಲ್ಲ. 30 ದಿನವೇ ಗಡುವು.

ಹೀಗೆ ಬರೆಯಬಹುದು: ‘ವಿಪತ್ತು ನಿರ್ವಹಣಾ ಕಾಯ್ದೆ 2005ರ 31ನೇ ಕಲಮಿನಡಿ ಕೊಡಗು ಜಿಲ್ಲಾ ಯೋಜನೆಯ ಇತ್ತೀಚಿನ ಪರಿಷ್ಕೃತ ಪ್ರತಿಯಲ್ಲಿ ನಮ್ಮ ಗ್ರಾಮ ಪಂಚಾಯಿತಿಗೆ ಸಂಬಂಧಿಸಿದ ಪುಟಗಳು, ಅದನ್ನು ಪರಿಷ್ಕರಿಸಿದ ದಿನಾಂಕ, ಪರಿಷ್ಕರಣೆಗೆ ನಮ್ಮ ಪಂಚಾಯಿತಿಯೊಂದಿಗೆ ನಡೆಸಿದ ಪತ್ರವ್ಯವಹಾರದ ಪ್ರತಿ.’ ಮೂರನೆಯದಕ್ಕೆ ‘ಕಡತದಲ್ಲಿ ಲಭ್ಯವಿಲ್ಲ’ ಎಂಬ ಹಿಂಬರಹ ಬಂದರೆ ಬೇಸರ ಬೇಡ. ಅದನ್ನು ಜೋಪಾನವಾಗಿಟ್ಟು, ಮುಂದಿನ ಗ್ರಾಮಸಭೆಯ ನಿರ್ಣಯಕ್ಕೆ ಲಗತ್ತಿಸಿ ಜಿಲ್ಲಾಧಿಕಾರಿಗೆ ಕಳಿಸಿ.